ಕಡ್ಡಿ ತಿರುಗಿಸಿದ ತಪ್ಪಿಗೆ

ಕಡ್ಡಿ ಮುರಿದಂತೆ ಹೇಳಿಬಿಡುತ್ತೇನೆ: ನೀವು ಮೂವರು ನಮಗೆ ಸುಳ್ಳು ಹೇಳಿದಿರಿ. ಆಯ್ಕೆ ಸಮಿತಿಯ ಮೂರು ಕುರ್ಚಿಗಳಲ್ಲಿ ಕುಳಿತಿದ್ದ ನೀವು, ಒಂದು ಮಧ್ಯಾಹ್ನದ ಊಟಕ್ಕೆ ನಮ್ಮಿಬ್ಬರನ್ನು ಕರೆದು, ಇದು ಪರೀಕ್ಷೆಯಲ್ಲ ಎಂದು ಬಾಯಿಬಿಟ್ಟು ಹೇಳಿ, ನಾವು ಉಣ್ಣುತ್ತಿದ್ದಾಗ ನಮ್ಮ ಬೆರಳುಗಳಿಗೆ ಅಂಕ ಹಾಕಿದಿರಿ. ಆ ಅಂಕದ ಬಲದಿಂದ ಒಬ್ಬಳಿಗೆ ಕಾಯಂ ಹುದ್ದೆ ಸಿಕ್ಕಿತು. ಇನ್ನೊಬ್ಬಳಿಗೆ ತಪ್ಪಿತು. ತಪ್ಪಿದ್ದು ನನಗೆ.

ನಿಮ್ಮ ಉತ್ತರವೇನೆಂದು ನನಗೆ ಗೊತ್ತು. ನಿಮ್ಮಲ್ಲೊಬ್ಬರು ಅದನ್ನು ನನ್ನ ಮುಖಕ್ಕೇ ಹೇಳಿದ್ದಾರೆ: ನಿನ್ನದು ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ. ಎರಡು ವರ್ಷ ಪಕ್ಕದ ಮೇಜಿನಲ್ಲಿ ಕುಳಿತು ಅದನ್ನು ಸಾಕಿದ್ದೇನೆ. ಅದು ಯಾವಾಗ ಹುಟ್ಟಿತು, ಏನು ತಿಂದು ಬೆಳೆಯಿತು ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲೆ. ಆದ್ದರಿಂದ ಮೊದಲು ಅದನ್ನೇ ಬರೆದುಬಿಡುತ್ತೇನೆ. ಆಮೇಲೂ ನಿಮ್ಮ ಬಳಿ ಹೇಳುವುದಕ್ಕೆ ಏನಾದರೂ ಉಳಿದಿದ್ದರೆ ಹೇಳಿ.

ಚೆನ್ನೈ ಊರು ದಾಟಿದ ಮೇಲೆ ಬರುವ ಕಾರ್ಖಾನೆಗಳಲ್ಲಿ ನಮ್ಮದೂ ಒಂದು. ಕಾರಿನ ಬಿಡಿಭಾಗ ತಯಾರಾಗುತ್ತದೆ, ಒಡೆಯರು ಜಪಾನಿನವರು. ಅಲ್ಲಿಂದ ಬರುವ ಎಂಜಿನಿಯರುಗಳ ಮಾತನ್ನು ಇಲ್ಲಿಯವರಿಗೂ ಇಲ್ಲಿಯವರ ಮಾತನ್ನು ಅವರಿಗೂ ದಾಟಿಸುವುದಕ್ಕೆ ಇಬ್ಬರು ದುಭಾಷಿಗಳಿದ್ದೆವು. ಇಬ್ಬರೂ ಹುಡುಗಿಯರು, ಇಬ್ಬರೂ ವರ್ಷವರ್ಷಕ್ಕೆ ನವೀಕರಿಸುವ ಗುತ್ತಿಗೆಯವರು, ಇಬ್ಬರೂ ಕನ್ನಡದವರು. ಕೊನೆಯದು ಆಕಸ್ಮಿಕವಾಗಿ ಬಯಲಾಯಿತು. ಕೆಲಸಕ್ಕೆ ಸೇರಿದ ದಿನ ಅವಳ ಕೈಯಿಂದ ಕಾಫಿ ಲೋಟ ಜಾರಿ, ಅವಳ ಬಾಯಿಂದ "ಅಯ್ಯೋ ನನ್ ಕರ್ಮವೇ" ಎಂಬ ಮಾತು ಹೊರಬಿತ್ತು. ನಾನು ತಲೆಯೆತ್ತಿ ನೋಡಿದೆ. ಅಂದಿನಿಂದ ಗೆಳತಿಯರಾದೆವು.

ನಮ್ಮ ಮನೆ ಕ್ರೋಂಪೇಟೆಯಲ್ಲಿ. ಅಪ್ಪ ವಿಮಾ ಕಚೇರಿಯ ವರ್ಗಾವಣೆಯ ಮೇಲೆ ಮೈಸೂರು ಕಡೆಯಿಂದ ಬಂದವರು. ನಾನು ಹೈಸ್ಕೂಲಿನವರೆಗೆ ಓದಿದ್ದು ಮೈಸೂರು ಕಡೆಯೇ. ಅವಳ ಮನೆ ಪಲ್ಲಾವರಂನಲ್ಲಿ. ಮುತ್ತಾತ ರೈಲ್ವೆಯಲ್ಲಿದ್ದರಂತೆ. ನಾಲ್ಕು ತಲೆಮಾರು ಇಲ್ಲಿಯೇ ಬೆಳೆದ ಅವಳ ಕನ್ನಡದಲ್ಲಿ ಅರ್ಧ ತಮಿಳು. ಅದನ್ನು ತಿದ್ದುವ ಚಟ ನನಗಿತ್ತು. ಆಗ ಅದನ್ನು ಭಾಷಾಭಿಮಾನವೆಂದು ಕರೆದುಕೊಳ್ಳುತ್ತಿದ್ದೆ. ಈಗ ನೋಡಿದರೆ, ಅವಳಲ್ಲಿ ತಿದ್ದುವುದಕ್ಕೆ ನನಗೆ ಸಿಕ್ಕ ಒಂದೇ ವಸ್ತು ಅದಾಗಿತ್ತು.

ಏಕೆಂದರೆ ಉಳಿದುದೆಲ್ಲ ಅವಳಿಗೆ ಸಲೀಸಾಗಿ ಬರುತ್ತಿತ್ತು. ಜಪಾನಿ ಭಾಷೆಯ ವ್ಯಾಕರಣದಲ್ಲಿ, ಲಿಪಿಯಲ್ಲಿ ನಾನು ಮುಂದು. ಆರು ವರ್ಷ ಕಣ್ಣು ಕೆಂಪಾಗಿಸಿಕೊಂಡು ಓದಿದವಳು. ಆದರೆ ಎಂಜಿನಿಯರುಗಳು ನಗುವುದು ಅವಳ ಮಾತಿಗೆ. ಕ್ಯಾಂಟೀನಿನ ಪಕ್ಕದ ಸಣ್ಣ ಕೋಣೆಯಲ್ಲಿ ಅವರು ಉಣ್ಣುವಾಗ ದುಭಾಷಿಯೂ ಜೊತೆಗಿರಬೇಕು, ಉಣ್ಣುತ್ತಲೇ ಮಾತು ದಾಟಿಸಬೇಕು. ನನ್ನ ಸರದಿಯ ದಿನ ನಾನು ಚಮಚ ಕೇಳುತ್ತಿದ್ದೆ. ಕ್ಯಾಂಟೀನಿನವರು ಚಮಚ ತಂದಿಡುವವರೆಗೆ ಎಲ್ಲರೂ ಚಾಪ್‌ಸ್ಟಿಕ್ ಕೆಳಗಿಟ್ಟು ಕಾಯುತ್ತಿದ್ದರು. ಆ ಕಾಯುವಿಕೆಯಲ್ಲಿ ಬೇಸರವಿರಲಿಲ್ಲ, ಮರ್ಯಾದೆಯಿತ್ತು. ಅದೇ ನನ್ನನ್ನು ಹೆಚ್ಚು ಕುಗ್ಗಿಸುತ್ತಿತ್ತು. ಅವಳ ಸರದಿಯ ದಿನ ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಬಾಗಿಲ ಗಾಜಿನಾಚೆ ಅವಳ ಬೆರಳುಗಳು ಕಾಣುತ್ತಿದ್ದವು. ಅನ್ನದ ಒಂದು ಅಗುಳನ್ನೂ ಬಿಡದೆ ಎತ್ತಿ, ನಡುವೆ ಮಾತಾಡಿ, ನಕ್ಕು, ಮತ್ತೆ ಎತ್ತುವ ಬೆರಳುಗಳು. ಅವುಗಳಿಗೆ ಶ್ರಮವೇ ಇರಲಿಲ್ಲ. ನನ್ನನ್ನು ಸುಟ್ಟದ್ದು ಆ ನಿರಾಯಾಸ.

ಕಲಿಸುತ್ತೇನೆ ಎಂದು ಮುಂದೆ ಬಂದವಳೂ ಅವಳೇ. ನಾನು ಕೇಳಿರಲಿಲ್ಲ, ಕೇಳುವುದಕ್ಕೆ ಹಮ್ಮು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಹುರಿದ ಕಡಲೆಕಾಯಿಬೀಜದ ಪೊಟ್ಟಣವನ್ನೂ ಒಂದು ಜೊತೆ ಕಡ್ಡಿಗಳನ್ನೂ ನನ್ನ ಮೇಜಿನ ಮೇಲಿಟ್ಟಳು.

"ಕೆಳಗಿನ ಕಡ್ಡಿ ಸುಮ್ಮಾ ಮಲಗಿರ್ಲಿ. ಮೇಲಿಂದು ಮಾತ್ರ ಪೇಸ್ಬೇಕು," ಎಂದಳು.

"ಪೇಸೋದಲ್ಲ, ಮಾತಾಡೋದು," ಎಂದೆ.

"ಮೊದ್ಲು ಕಡಲೆ ಎತ್ತುಡೀ. ಆಮೇಲೆ ನನ್ ಕನ್ನಡ ತಿದ್ದು."

ಕಡಲೆ ಏಳಲಿಲ್ಲ. ಹಾರಿ ಲೆಕ್ಕ ವಿಭಾಗದವರ ಮೇಜಿನ ಕೆಳಗೆ ಹೋಯಿತು. ಹೆಬ್ಬೆರಳ ಬುಡ ಸೆಟೆದುಕೊಂಡಿತು, ಕಿರುಬೆರಳು ನನ್ನ ಅಪ್ಪಣೆಯಿಲ್ಲದೆ ನೆಟ್ಟಗೆ ನಿಂತಿತು. ಲಿಪಿಯ ಎರಡು ಸಾವಿರ ಅಕ್ಷರಗಳನ್ನು ತಿದ್ದಿದ ಕೈಯಿದು ಎಂದರೆ ಯಾರೂ ನಂಬುತ್ತಿರಲಿಲ್ಲ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಅವುಗಳ ಜಾಗದಲ್ಲಿ ಕೂರಿಸಿದಳು. ತಾಳ್ಮೆಯಿಂದ, ಚಿಕ್ಕ ಮಗುವಿಗೆ ಬಳಪ ಹಿಡಿಸುವಂತೆ. ನಾನು ಕೃತಜ್ಞಳಾಗಿರಬೇಕಿತ್ತು. ಹೇಳಿಕೊಡುವವರ ಮೇಲೆ ಹೊಟ್ಟೆಕಿಚ್ಚುಪಡುವುದು ಎಷ್ಟು ಸಣ್ಣತನವೆಂದು ತಿಳಿದೂ ತಿಳಿದೂ ಪಟ್ಟೆ.

ಮನೆಯಲ್ಲಿ ಅಭ್ಯಾಸ ಮುಂದುವರಿಯಿತು. ತಟ್ಟೆಯಲ್ಲಿ ಹೆಸರುಕಾಳು ಹರಡಿಕೊಂಡು ಒಂದೊಂದಾಗಿ ಬಟ್ಟಲಿಗೆ ಹಾಕುವುದು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಐದು ಬೆರಳು ಸಾಲ್ದು ಅಂತ ಎರಡು ಕಡ್ಡಿ ಬೇರೆ ಬೇಕೇನೇ ನಿಂಗೆ?"

ಕೆಲಸಕ್ಕೆ ಬೇಕು ಎಂದೆ. ಕೆಲಸವೆಂದರೆ ಏನು ಎಂಬುದು ಅಷ್ಟರಲ್ಲಿ ನಮ್ಮಿಬ್ಬರಿಗೂ ಗೊತ್ತಾಗಿತ್ತು. ಎರಡು ಗುತ್ತಿಗೆ ಹುದ್ದೆಗಳನ್ನು ರದ್ದುಪಡಿಸಿ ಒಂದು ಕಾಯಂ ಹುದ್ದೆ ಮಾಡುತ್ತೇವೆಂದು ನೀವು ಪ್ರಕಟಿಸಿದ್ದಿರಿ. ಒಬ್ಬಳು ಉಳಿಯುತ್ತಾಳೆ, ಒಬ್ಬಳು ಗುತ್ತಿಗೆ ಮುಗಿದ ದಿನ ಹೋಗುತ್ತಾಳೆ. ಲಿಖಿತ ಪರೀಕ್ಷೆ, ಸಂದರ್ಶನ. ಪ್ರಕಟಣೆಯಲ್ಲಿ ಇದ್ದುದು ಈ ಎರಡೇ. ಚಾಪ್‌ಸ್ಟಿಕ್ಕಿನ ಮಾತು ಅದರಲ್ಲಿ ಇರಲಿಲ್ಲ. ನಾನು ಅಭ್ಯಾಸ ಮಾಡುತ್ತಿದ್ದುದು ಆ ಗಾಜಿನ ಬಾಗಿಲಿನ ದೆಸೆಯಿಂದ.

ಒಂದು ಭಾನುವಾರ ಅವಳು ನಮ್ಮ ಮನೆಗೆ ಬಂದಳು. ಅಮ್ಮ ಒತ್ತುಶ್ಯಾವಿಗೆ ಮಾಡಿದ್ದಳು. ಗೆಳತಿ ಚೀಲದಿಂದ ತನ್ನ ಕಡ್ಡಿಗಳನ್ನು ತೆಗೆದು, ನನ್ನನ್ನು ಛೇಡಿಸುವುದಕ್ಕೆಂದೇ, ಶ್ಯಾವಿಗೆಯನ್ನು ಎಳೆಯೆಳೆಯಾಗಿ ಎತ್ತಿ ತಿಂದಳು. ಕಡ್ಡಿಯನ್ನು ಅಷ್ಟು ಹಳಿದಿದ್ದ ನನ್ನ ತಾಯಿ ಮೆಚ್ಚುಗೆಯಿಂದ ಕಣ್ಣರಳಿಸಿದಳು.

"ಎಷ್ಟು ಲಕ್ಷಣವಾಗಿ ತಿಂತೀಯಮ್ಮ! ಇವಳೂ ತಿಂತಾಳೆ ನೋಡು, ಕೋಳಿ ತಿಪ್ಪೆ ಕೆದಕಿದ ಹಾಗೆ."

ನಾನು ನಕ್ಕೆ. ಹೊಟ್ಟೆಯಲ್ಲಿ ಏನಾಯಿತು ಎಂಬುದನ್ನು ಬರೆಯುವ ಅಗತ್ಯವಿಲ್ಲ. ಕಚೇರಿಯಲ್ಲಿ ಅವಳು ಗೆಲ್ಲಲಿ, ನನ್ನ ಅಮ್ಮನ ಎದುರೂ ಗೆಲ್ಲಬೇಕೇ?

ಅಷ್ಟರಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಗೆಳತಿ ಇನ್ನಷ್ಟು ಶ್ಯಾವಿಗೆಗಾಗಿ, ಬಾಯಿಗಿಟ್ಟಿದ್ದ ಅದೇ ಕಡ್ಡಿಗಳನ್ನು ಎಲ್ಲರಿಗೂ ಬಡಿಸುವ ಪಾತ್ರೆಯತ್ತ ಚಾಚಿದಳು. ಅಮ್ಮ ಮಾತಿಲ್ಲದೆ ಪಾತ್ರೆಯನ್ನು ತನ್ನತ್ತ ಎಳೆದುಕೊಂಡು ಸೌಟಿನಲ್ಲಿ ಬಡಿಸಿದಳು. ಗೆಳತಿಗೆ ಕೂಡಲೇ ಹೊಳೆಯಿತು. "ಅಯ್ಯೋ, ಎಚ್ಚಿಲ್! ಸಾರಿ ಆಂಟಿ," ಎಂದು ನಾಲಿಗೆ ಕಚ್ಚಿಕೊಂಡಳು. ಎಂಜಲಿಗೆ ತಮಿಳಿನಲ್ಲಿ ಎಚ್ಚಿಲ್ ಎನ್ನುತ್ತಾರೆ. ಪರವಾಗಿಲ್ಲ, ನಮ್ಮನೆಯ ಅಭ್ಯಾಸ ಅಷ್ಟೇ ಎಂದಳು ಅಮ್ಮ.

ಈ ಎಂಜಲೆಂಬ ಮಾತಿನಿಂದ ನಮ್ಮ ನಾಡಿನಲ್ಲಿ ಎಷ್ಟು ಜನರನ್ನು ಪಂಕ್ತಿಯಿಂದ ಎಬ್ಬಿಸಲಾಗಿದೆ, ಎಷ್ಟು ಜನರಿಗೆ ಬೇರೆ ಲೋಟ ಇಡಲಾಗಿದೆ ಎಂಬುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ, ಆ ಬಗ್ಗೆ ಮನೆಯಲ್ಲಿ ಜಗಳವನ್ನೂ ಆಡಿದ್ದೇನೆ. ಮಡಿಯನ್ನು ಸಮರ್ಥಿಸುವುದಕ್ಕೆ ಇಲ್ಲಿ ಕುಳಿತಿಲ್ಲ. ಆದರೆ ನನ್ನ ಬಾಯಿಗೆ ತಾಗಿದ್ದನ್ನು ಇನ್ನೊಬ್ಬರ ಅನ್ನಕ್ಕೆ ತಾಗಿಸಬಾರದು ಎಂಬ ಸಂಕೋಚ ಮಾತ್ರ ಓದಿನಿಂದ ಹೋಗಲಿಲ್ಲ. ಅದು ನಂಬಿಕೆಯಾಗಿ ಉಳಿದಿಲ್ಲ, ಕೈಯ ಅಭ್ಯಾಸವಾಗಿ ಉಳಿದಿದೆ. ನಾನು ಬಿಟ್ಟರೂ ಕೈ ಬಿಡುವುದಿಲ್ಲ.

ಗೆಳತಿ ಹೋದ ಮೇಲೆ ಅಮ್ಮ ನನ್ನ ಕಡ್ಡಿಗಳನ್ನು ಕೈಗೆತ್ತಿಕೊಂಡು ಹಿಂದೆಮುಂದೆ ನೋಡಿ, ಒಂದು ಪರಿಹಾರ ಕಂಡುಹಿಡಿದಳು.

"ಈ ತುದಿ ಬಾಯಿಗೆ, ಆ ತುದಿ ಪಾತ್ರೆಗೆ. ತಿರುಗಿಸಿ ಹಿಡಿದು ಬಡಿಸ್ಕೊಂಡ್ರೆ ಎಂಜಲಾಗಲ್ವಲ್ಲೇ. ಅವರಿಗ್ಯಾಕೆ ಹೊಳೀಲಿಲ್ಲ?"

ನನಗೆ ಆದ ಸಂತೋಷಕ್ಕೆ ಮಿತಿಯಿರಲಿಲ್ಲ. ಅವಳಿಗೆ ಗೊತ್ತಿಲ್ಲದ ಒಂದು ನಾಜೂಕು ಕೊನೆಗೂ ನನ್ನದಾಗಿತ್ತು. ಅವಳಿಗೆ ಹೇಳಬಹುದಿತ್ತು, ಕಲಿಸಿದವಳಿಗೆ ಅಷ್ಟನ್ನಾದರೂ ಕಲಿಸಬಹುದಿತ್ತು. ಹೇಳಲಿಲ್ಲ. ಒಂದು ದಿನ ಎಲ್ಲರೆದುರು ತಿರುಗಿಸಿ ತೋರಿಸುತ್ತೇನೆ, ಅವಳ ಬೆರಳುಗಳಿಗಿಂತ ನನ್ನ ಶಿಷ್ಟಾಚಾರ ಮೇಲೆಂದು ಆಗ ತಿಳಿಯುತ್ತದೆ ಎಂದು ಮುಚ್ಚಿಟ್ಟುಕೊಂಡೆ. ಈ ಮುಚ್ಚಿಟ್ಟುಕೊಂಡ ಪಾಲು ನನ್ನ ತಪ್ಪು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಲಿಖಿತ ಪರೀಕ್ಷೆಯಲ್ಲಿ ನಾನು ಮೊದಲು ಬಂದೆ. ಅದನ್ನು ನೀವೇ ಫಲಕದಲ್ಲಿ ಹಾಕಿದಿರಿ. ಸಂದರ್ಶನ ಇಬ್ಬರದೂ ಚೆನ್ನಾಗಿ ಆಯಿತೆಂದು ಸಿಬ್ಬಂದಿ ವಿಭಾಗದ ಮುಖ್ಯಸ್ಥರು, ಅಂದರೆ ನಿಮ್ಮ ಮೂವರಲ್ಲಿ ನಡುವಿನ ಕುರ್ಚಿಯವರು, ತಿಳಿಸಿದರು. ಮಾರನೆಯ ವಾರ ಪ್ರಧಾನ ಕಚೇರಿಯಿಂದ ಹಿರಿಯ ಎಂಜಿನಿಯರೊಬ್ಬರು ಬರುತ್ತಾರೆ, ಅವರೊಡನೆ ಹೋಟೆಲಿನಲ್ಲಿ ಊಟ, ಇಬ್ಬರೂ ಬನ್ನಿ ಎಂದರು. ಇದೂ ಪರೀಕ್ಷೆಯೇ ಎಂದು ನಾನು ತಮಿಳಿನಲ್ಲೇ ಕೇಳಿದೆ. ಅವರು ನಕ್ಕು, "ಟೆಸ್ಟ್ ಎಲ್ಲಾ ಮುಡಿಂಜಿಡುಚ್ಚುಮ್ಮಾ. ಇದು ಸುಮ್ಮಾ ಸಾಪ್ಪಾಡು," ಎಂದರು. ಪರೀಕ್ಷೆಗಳೆಲ್ಲ ಮುಗಿದವು, ಇದು ಬರೀ ಊಟ. ಅವಳೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಮೇಜಿನ ಸುತ್ತ ಆರು ಜನ. ನಡುವೆ ದೊಡ್ಡ ತಟ್ಟೆಯಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದ ಬದನೆ, ಸಿಹಿಗುಂಬಳ, ಹುರುಳಿಕಾಯಿ. ನಮ್ಮ ಬಜ್ಜಿಯ ದಾಯಾದಿ. ಎಲ್ಲರೂ ತಮ್ಮ ತಮ್ಮ ಕಡ್ಡಿಗಳಿಂದಲೇ ಅದರಿಂದ ಎತ್ತಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ, ಇಷ್ಟು ದಿನ ಕಾದಿಟ್ಟಿದ್ದ ಗತ್ತಿನಿಂದ ಕಡ್ಡಿಗಳನ್ನು ತಿರುಗಿಸಿದೆ. ಅಭ್ಯಾಸ ಮಾಡಿದ್ದೆಲ್ಲ ಸಣ್ಣ ತುದಿಯಿಂದ ಎಂಬುದು ಆಗ ನೆನಪಾಯಿತು. ದಪ್ಪ ತುದಿ ನುಣ್ಣಗಿತ್ತು. ಬದನೆಯ ಹೋಳು ಜಾರಿ ಸಾಸಿನ ಬಟ್ಟಲಿಗೆ ಬಿದ್ದು, ಕಂದು ಹನಿಗಳು ಮೇಜುಬಟ್ಟೆಯ ಮೇಲೆ ಸಿಡಿದವು. ಮತ್ತೊಮ್ಮೆ ಪ್ರಯತ್ನಿಸಿದೆ. ಮತ್ತೆ ಜಾರಿತು. ನಿಮ್ಮ ಮೂವರ ಕಣ್ಣುಗಳು ನನ್ನ ಕೈಯ ಮೇಲಿದ್ದವು.

ಗೆಳತಿ ನನ್ನ ಪೇಚಾಟ ನೋಡಲಾರದೆ, ಆಗಷ್ಟೇ ತನ್ನ ಬಾಯಿಂದ ತೆಗೆದ ಕಡ್ಡಿಗಳಿಂದ ಕುಂಬಳದ ಹೋಳೊಂದನ್ನು ಎತ್ತಿ ನನ್ನ ಬಟ್ಟಲಿನಲ್ಲಿಟ್ಟಳು. "ತಿನ್ನುಡೀ," ಎಂದಳು ಮೆಲ್ಲಗೆ. ಅದರಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ನಾನು ಹಿರಿಯರ ಮಾತನ್ನು ದಾಟಿಸುತ್ತಲೇ ಇದ್ದೆ, ಒಂದು ಪದವೂ ತಪ್ಪಲಿಲ್ಲ. ಆದರೆ ಆ ಹೋಳಿನ ಸುತ್ತಲಿನ ಅನ್ನ ತಿಂದೆ, ಹೋಳು ತಿನ್ನಲಿಲ್ಲ. ಅದು ಎಂಜಲೆಂದೋ, ಅವಳ ಕರುಣೆಯೆಂದೋ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡೂ ಹೌದು ಎಂಬುದೇ ನಿಜ. ಬಟ್ಟಲುಗಳನ್ನು ತೆಗೆದುಕೊಂಡು ಹೋಗುವಾಗ ಅದೊಂದೇ ಹೋಳು ಉಳಿದಿತ್ತು.

ಆಗಲೇ ನಡುವಿನ ಕುರ್ಚಿಯವರು ನೀರಿನ ಬಾಟಲಿಯನ್ನು ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಗಿಸದೆ ಗಟಗಟನೆ ಕುಡಿದರು. ಅದರಲ್ಲೇನೂ ವಿಶೇಷವಿಲ್ಲ. ಈ ಊರಿನಲ್ಲಿ ಬಸ್ಸಿನಲ್ಲಿ, ಕಚೇರಿಯಲ್ಲಿ, ಎಲ್ಲರೂ ಹಾಗೆಯೇ ಕುಡಿಯುತ್ತಾರೆ. ನಾನೂ ಆಗ ಅದನ್ನು ಗಮನವಿಟ್ಟು ನೋಡಲಿಲ್ಲ.

ಊಟ ಮುಗಿಸಿ ಕಾರಿನತ್ತ ನಡೆಯುವಾಗ ಜಪಾನಿನ ಹಿರಿಯರು, ಕಡ್ಡಿಗಳನ್ನು ಯಾಕೆ ತಿರುಗಿಸಿದೆ ಎಂದು ನನ್ನನ್ನು ಕೇಳಿದರು. ಆರು ವರ್ಷ ಕಲಿತ ಭಾಷೆಯಲ್ಲಿ ಎಂಜಲಿಗೆ ಪದ ಹುಡುಕಿದೆ. ಸಿಗಲಿಲ್ಲ. ಉಳಿದ ಊಟ ಎನ್ನಲೇ, ಉಗುಳು ಎನ್ನಲೇ? ಎರಡೂ ಅಲ್ಲ. ನನ್ನ ಬಾಯಿ ತಾಗಿದ್ದು ನಿಮ್ಮ ಊಟಕ್ಕೆ ತಾಗಬಾರದೆಂದು ಎಂದು ಸುತ್ತಿಬಳಸಿ ಹೇಳಿದೆ. ಅವರು ನಿಂತರು. ತಮ್ಮ ತಾಯಿಯೂ ಅತಿಥಿಗಳು ಬಂದಾಗ ಹಾಗೆಯೇ ತಿರುಗಿಸುತ್ತಿದ್ದರು ಎಂದರು. ಕೈ ಹಿಡಿದ ತುದಿಯೂ ಶುಚಿಯಲ್ಲವಲ್ಲ, ಹಾಗಾಗಿ ಅದು ಸರಿಯಾದ ಪದ್ಧತಿಯಲ್ಲ ಎನ್ನುವವರು ತಮ್ಮಲ್ಲಿ ಬಹಳ ಮಂದಿ ಇದ್ದಾರಂತೆ. ಆದರೂ ಯಾಕೆ ಹಾಗೆ ಮಾಡುತ್ತಾರೆಂದು ತಮಗೆ ಅರ್ಥವಾಗುತ್ತದೆ ಎಂದು ನಕ್ಕರು. ಮನಸ್ಸು ಹಗುರವಾಯಿತು. ಮೇಜುಬಟ್ಟೆ ಹಾಳಾದರೂ ಮಾನ ಉಳಿಯಿತೆಂದುಕೊಂಡೆ.

ನಾಲ್ಕು ದಿನಗಳ ನಂತರ ಆಯ್ಕೆಯ ಪತ್ರ ಅವಳ ಹೆಸರಿಗೆ ಬಂತು.

ನಾನು ಸಿಬ್ಬಂದಿ ವಿಭಾಗಕ್ಕೆ ಹೋಗಿ ಕಾರಣ ಕೇಳಿದೆ. ಮುಖ್ಯಸ್ಥರು ಹಾಳೆಯೊಂದನ್ನು ತೆಗೆದು, ನನಗೆ ತೋರಿಸದೆ, ತಾವೇ ಓದಿದರು. ಲಿಖಿತದಲ್ಲಿ ನೀನು ಮುಂದು, ಸಂದರ್ಶನದಲ್ಲಿ ಇಬ್ಬರೂ ಸಮ. ಆಮೇಲೆ ಮೂರನೆಯ ಅಂಕಣ. ಅದರ ಶೀರ್ಷಿಕೆ 'ಭೋಜನ ಶಿಷ್ಟಾಚಾರ ಮತ್ತು ಹೊಂದಾಣಿಕೆ'. ನನ್ನ ಎದುರು ಬರೆದಿದ್ದ ಷರಾ: ಹಂಚಿಕೊಂಡು ಉಣ್ಣಲು ಹಿಂಜರಿಕೆ, ಸಹೋದ್ಯೋಗಿ ಬಡಿಸಿದ್ದನ್ನು ನಿರಾಕರಿಸಿದರು, ತಂಡದಲ್ಲಿ ಬೆರೆಯುವುದು ಅನುಮಾನ.

ಪರೀಕ್ಷೆಯಲ್ಲವೆಂದು ತಾವೇ ಹೇಳಿದ್ದಿರಲ್ಲ ಎಂದು ಕೇಳಿದೆ. ಪರೀಕ್ಷೆಯೆಂದು ಹೇಳಿದರೆ ಜನ ಸಹಜವಾಗಿ ಉಣ್ಣುವುದಿಲ್ಲ ಎಂದರು. ಸಹಜವಾಗಿ ಉಂಡದ್ದಕ್ಕೇ ತಾನೆ ನನ್ನ ಅಂಕ ಹೋದದ್ದು ಎಂದೆ. ಅವರು ಕೈಗಡಿಯಾರ ನೋಡಿಕೊಂಡರು. ಆಗ, ಅವರಿಗೆ ಅರ್ಥವಾಗಲೇಬೇಕಾದ ಒಂದೇ ಪದವನ್ನು ಹೇಳಿದೆ.

"ಎಚ್ಚಿಲ್ ಸಾರ್. ಅದಕ್ಕೇ ತಿರುಗಿಸಿದ್ದು. ನಿಮಗೆ ಗೊತ್ತಿಲ್ವಾ?"

ಜಪಾನಿ ಭಾಷೆಯಲ್ಲಿ ನನಗೆ ಸಿಗದ ಪದವದು. ಅವರಿಗೆ ತಾಯಿಯ ಮಡಿಲಿನಲ್ಲೇ ಸಿಕ್ಕಿತ್ತು. ದಿನಕ್ಕೆ ಹತ್ತು ಸಲ ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತುವವರು ಅವರು. ಒಂದು ಕ್ಷಣ ಅವರ ಮುಖದಲ್ಲಿ ಅರ್ಥವಾದದ್ದು ಕಂಡಿತು. ಪ್ರಮಾಣ ಮಾಡಿ ಹೇಳುತ್ತೇನೆ, ಕಂಡಿತು. ಆಮೇಲೆ ಅವರು ಹಾಳೆಯನ್ನು ಕಡತದೊಳಗಿಟ್ಟು, "ಇದು ವಯಿತ್ತೆರಿಚ್ಚಲ್ ಅಮ್ಮಾ, ವೇರೊಣ್ಣುಮಿಲ್ಲೆ," ಎಂದರು. ತಮಿಳೂ ಈ ಬೆಂಕಿಯನ್ನು ಹೊಟ್ಟೆಯಲ್ಲೇ ಇಟ್ಟಿದೆ: ಹೊಟ್ಟೆಯ ಉರಿ, ಬೇರೇನೂ ಅಲ್ಲ.

ಅದು ಅಲ್ಲವೆಂದು ನಾನು ವಾದಿಸಲಿಲ್ಲ. ಇಲ್ಲಿಯೂ ವಾದಿಸುತ್ತಿಲ್ಲ. ಆದರೆ ನನ್ನ ಹೊಟ್ಟೆ ಉರಿಯುತ್ತಿದೆ ಎಂದ ಮಾತ್ರಕ್ಕೆ ನೀವು ಹೇಳಿದ ಸುಳ್ಳು ನಿಜವಾಗುವುದೇ? ನನ್ನ ಕೈ ಒಡ್ಡೊಡ್ಡು ಎಂದು ಬರೆದಿದ್ದರೆ ತಲೆ ತಗ್ಗಿಸುತ್ತಿದ್ದೆ. ನಿಮಗೆ ಚೆನ್ನಾಗಿ ಗೊತ್ತಿದ್ದ ಸಂಕೋಚವನ್ನು ಗೊತ್ತಿಲ್ಲದವರಂತೆ ನಟಿಸಿ, ಅದಕ್ಕೆ ಹಂಚಿಕೊಳ್ಳದವಳು ಎಂಬ ಹಣೆಪಟ್ಟಿ ಅಂಟಿಸಿದಿರಿ. ಯಾರ ಊಟವೂ ಕೆಡದಿರಲೆಂದು ಪರದಾಡಿದವಳಿಗೆ ಆ ಹೆಸರು!

ಆ ಸಂಜೆ ರೈಲು ನಿಲ್ದಾಣದ ಮೆಟ್ಟಿಲುಗಳ ಬಳಿ ಗೆಳತಿ ನನಗಾಗಿ ಕಾದಿದ್ದಳು. ಏನಾಯಿತೆಂದು ಹೇಳಿದೆ. ಕುಂಬಳದ ಹೋಳಿನ ವಿಷಯ ಬಂದಾಗ ಅವಳ ಮುಖ ಬಿಳಿಚಿಕೊಂಡಿತು.

"ಸತ್ಯಮಾ ಹೇಳ್ತೀನಿ, ನಂಗೆ ತಿಳೀದು. ನಿಂಗೆ ಸಹಾಯ ಅಂದ್ಕೊಂಡೇ ಇಟ್ಟೆ."

ಗೊತ್ತು ಎಂದೆ. ನಿಜವಾಗಿಯೂ ಗೊತ್ತಿತ್ತು. ಇದನ್ನೆಲ್ಲ ಬರೆಯುತ್ತೇನೆ ಎಂದೂ ಹೇಳಿದೆ. ಒಂದು ರೈಲು ಬಂದು ಹೋಯಿತು, ಇಬ್ಬರೂ ಹತ್ತಲಿಲ್ಲ.

"ಬರಿ. ಟೆಸ್ಟ್ ಇಲ್ಲ ಅಂತ ಅವರು ಹೇಳಿದ್ದು ನಾನೂ ಕೇಳಿದೀನಿ. ಯಾರ್ ಕೇಳಿದ್ರೂ ಹೇಳ್ತೀನಿ. ಆದ್ರೆ ಕೆಲಸ ವಿಟ್ಟುಕೊಡಲ್ಲ, ನಂಗೂ ಬೇಕು ಅದು. ನನ್ನ ಕಳ್ಳಿ ಥರ ಮಾತ್ರ ಬರೀಬೇಡ."

ವಿಟ್ಟುಕೊಡಲ್ಲ ಅಲ್ಲ, ಬಿಟ್ಟುಕೊಡಲ್ಲ ಎಂದು ತಿದ್ದುವುದಕ್ಕೆ ಅಂದು ನನಗೆ ಬಾಯಿ ಬರಲಿಲ್ಲ. ಇಷ್ಟು ನೇರವಾಗಿ ಮಾತಾಡುವುದೂ ಅವಳಿಗೆ ಬರುತ್ತದಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು. ಅವಳು ಕಳ್ಳಿಯಲ್ಲ. ಅವಳಿಗೆ ಆ ಹುದ್ದೆಯ ಯೋಗ್ಯತೆ ಇಲ್ಲವೆಂದೂ ನಾನು ಹೇಳಲಾರೆ. ಆ ಮೇಜಿಗೆ ನಾವಿಬ್ಬರೂ ಏನೂ ತಿಳಿಯದೆ ಹೋದೆವು. ತಿಳಿದು ಕುಳಿತವರು ನೀವು ಮೂವರೇ. ಅವಳು ಗೆದ್ದದ್ದು ಏತರಿಂದ ಎಂಬುದು ಅವಳಿಗೂ ತಿಳಿಯದಂತೆ ಮಾಡಿದ್ದೀರಿ. ಈಗ ಯಾರಾದರೂ ಅವಳನ್ನು ಹೊಗಳಿದರೆ ಅವಳು ಮೊದಲು ನನ್ನ ಮುಖ ನೋಡುತ್ತಾಳೆ.

ಆದ್ದರಿಂದ ಆಯ್ಕೆ ಸಮಿತಿಯ ಮೂವರು ಸದಸ್ಯರಲ್ಲಿ ನನ್ನ ವಿನಂತಿ ಹೀಗಿದೆ. ಆ ಮಧ್ಯಾಹ್ನದ ಊಟವು ಆಯ್ಕೆಯ ಭಾಗವಾಗಿತ್ತೇ, ಆಗಿದ್ದರೆ ಅದನ್ನು ನಮ್ಮಿಂದ ಮರೆಮಾಚುವ ತೀರ್ಮಾನವನ್ನು ಯಾರು ತೆಗೆದುಕೊಂಡರು ಎಂಬುದಕ್ಕೆ ಲಿಖಿತವಾಗಿ ಉತ್ತರಿಸಬೇಕು. ನನಗೆ ಓದಿ ಹೇಳಲಾದ ಹಾಳೆಯನ್ನು ನಮ್ಮಿಬ್ಬರ ಮುಂದೆಯೂ ಇಡಬೇಕು. ಪ್ರಕಟಣೆಯಲ್ಲಿ ಇಲ್ಲದಿದ್ದ ಮೂರನೆಯ ಅಂಕಣವನ್ನು ತೆಗೆದುಹಾಕಿ, ಲಿಖಿತ ಪರೀಕ್ಷೆ ಮತ್ತು ಸಂದರ್ಶನ ಎರಡನ್ನೇ ಆಧರಿಸಿ ಆಯ್ಕೆಯನ್ನು ಮರುಪರಿಶೀಲಿಸಬೇಕು. ನನಗೆ ತೋರಿಸದ ಆ ಹಾಳೆಯ ಪ್ರಕಾರ ಆಗಲೂ ಅವಳೇ ಮುಂದಿದ್ದರೆ ನಾನು ಹೊಟ್ಟೆ ಉರಿಸಿಕೊಂಡೇ ಒಪ್ಪುತ್ತೇನೆ, ತಕರಾರು ಎತ್ತುವುದಿಲ್ಲ. 'ತಂಡದಲ್ಲಿ ಬೆರೆಯುವುದು ಅನುಮಾನ' ಎಂಬ ಷರಾವನ್ನು, ಫಲಿತಾಂಶ ಏನೇ ಆಗಲಿ, ನನ್ನ ಕಡತದಿಂದ ಹಿಂತೆಗೆದುಕೊಳ್ಳಬೇಕು. ನನ್ನ ಗುತ್ತಿಗೆಯ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದಕ್ಕೆ ಮುಂಚೆ ನಿಮ್ಮ ಉತ್ತರವನ್ನೂ ಕೈಗೊಂಡ ಕ್ರಮದ ವಿವರವನ್ನೂ, ಮೂವರ ಸಹಿಯೊಂದಿಗೆ, ನನಗೆ ತಲುಪಿಸಬೇಕೆಂದು ಕೋರುತ್ತೇನೆ.